ಕೀಲಿ ಕೈಗೆ ಬರುವವರೆಗೆ

“ಇನ್ನು ಕಾಲು ಗಂಟೆ ಬಾಯಿ ಮುಚ್ಕೊಂಡಿರೋಕೆ ಏನ್ರೀ ದಾಡಿ ನಿಮಗೆ? ಅರವತ್ತು ದಿನ ಇದ್ರಲ್ಲ, ಈಗ ಇರೋಕಾಗಲ್ವಾ?”

ಪ್ರಿನ್ಸಿಪಾಲ್ ಬ್ರೀಲ್ಯಾಂಡ್ ಮೇಜಿನ ಮೇಲಿದ್ದ ಕಾಗದವನ್ನು ಎರಡು ಬೆರಳಿನಿಂದ ವರ್ನೆಟಾಳ ಕಡೆಗೆ ತಳ್ಳಿದ. ಅದರ ಮೇಲೆ ಪೆನ್ನನ್ನೂ ಇಟ್ಟ. ಕೂತುಕೋ ಅನ್ನಲಿಲ್ಲ. ವರ್ನೆಟಾ ನಿಂತೇ ಓದಿದಳು.

ನೈಜಾ ಎಂಬ ಏಳು ವರ್ಷದ ವಿದ್ಯಾರ್ಥಿನಿ ಮಂಗಳವಾರ ಹತ್ತು ನಿಮಿಷ ಶಾಂತಿ ಕೋಣೆಯಲ್ಲಿದ್ದಳು. ಬಾಗಿಲು ತೆರೆದಿತ್ತು. ಶಿಕ್ಷಕಿ ವರ್ನೆಟಾ ಪೆಟಿಗ್ರೂ ಉದ್ದಕ್ಕೂ ಜೊತೆಗಿದ್ದರು. ಮಗು ತಾನಾಗಿಯೇ ಜಾರಿ ಬಿದ್ದು ಕೈ ಮುರಿದುಕೊಂಡಿತು.

“ನಾನು ಅಲ್ಲಿರ್ಲಿಲ್ಲ ಸಾರ್. ಪರೀಕ್ಷೆ ಹಾಲ್ ಕಾಯೋಕೆ ನೀವೇ ಕಳಿಸಿದ್ರಿ.”

“ನನಗೆ ನೆನಪಿಲ್ಲ.”

“ನನಗೈತೆ.”

“ನೆನಪು ಜಾಸ್ತಿ ಆಯ್ತು ನಿಮಗೆ.” ಬ್ರೀಲ್ಯಾಂಡ್ ಗೋಡೆಯ ಗಡಿಯಾರ ನೋಡಿದ. “ಮಧ್ಯಾಹ್ನ ಒಂದಕ್ಕೆ ರಾಜ್ಯದ ಇಲಾಖೆಯವರು ವಿಚಾರಣೆಗೆ ಬರ್ತಾರೆ. ಹನ್ನೊಂದಕ್ಕೆ ನಿಮ್ಮ ಬ್ಯಾಂಕಿನವರು ಫೋನ್ ಮಾಡ್ತಾರೆ. ಯಾವುದು ಮೊದಲು ಅಂತ ಲೆಕ್ಕ ಹಾಕ್ಕೊಳ್ಳಿ. ಗಣಿತ ಪಾಸಾಗಿದೀರಲ್ಲ, ಮೂರನೇ ಸಲಕ್ಕೆ?”

ಮೂರನೇ ಸಲಕ್ಕೆ ಪಾಸಾದದ್ದು ನಿಜ. ಹನ್ನೆರಡು ವರ್ಷ ಇದೇ ಶಾಲೆಯಲ್ಲಿ, ಮಾತು ಬಾರದ, ಕಾಲು ಎಳೆಯುವ, ತಲೆ ಗೋಡೆಗೆ ಚಚ್ಚಿಕೊಳ್ಳುವ ಮಕ್ಕಳ ಉಚ್ಚೆ ಬಟ್ಟೆ ಬದಲಿಸುತ್ತ ಆಯಾ ಆಗಿದ್ದವಳು ವರ್ನೆಟಾ. ಸಂಜೆ ಕಾಲೇಜಿಗೆ ಹೋಗಿ, ನಲವತ್ತನೇ ವಯಸ್ಸಿನಲ್ಲಿ ಟೀಚರ್ ಪಟ್ಟ ಗಿಟ್ಟಿಸಿದಳು. ಅದೇ ಮಕ್ಕಳು, ಅದೇ ಉಚ್ಚೆ ಬಟ್ಟೆ. ಹೆಸರು ಮಾತ್ರ ಬೇರೆ. ಆದರೆ ಆ ಹೆಸರಿನಿಂದ ಒಂದು ಉಪಕಾರವಾಯಿತು. ಟೀಚರುಗಳಿಗೆ ಮೊದಲ ಮನೆ ಕೊಳ್ಳಲು ಮುಂಗಡದ ಹಣ ಕೊಡುವ ಯೋಜನೆಗೆ ಅವಳೂ ಸೇರಿದಳು. ಆಯಾಗಳಿಗೆ ಅದು ಇಲ್ಲ.

ಹದಿನಾಲ್ಕು ಸಾವಿರ ಡಾಲರ್. ಈ ಮಿಸಿಸಿಪಿಯ ಹೊಲಗೇರಿಯಂಥ ಲೂಥರ್ ಬೆಂಡ್ ಊರಿಗೆ ಹೊರಗಿನಿಂದ ಯಾವ ಟೀಚರೂ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಅದಕ್ಕೇ ಈ ಹಣ. ಮೂರು ವರ್ಷ ಇಲ್ಲೇ ಪಾಠ ಮಾಡಿದರೆ ವಾಪಸ್ ಕೊಡಬೇಕಾಗಿಲ್ಲ. ಒಂದೇ ಷರತ್ತು, ಮನೆಗೆ ಸಹಿ ಹಾಕುವ ದಿನ ಬ್ಯಾಂಕಿನವರು ಶಾಲೆಗೆ ಫೋನ್ ಮಾಡಿ ಕೇಳುತ್ತಾರೆ: ಈಕೆ ಇವತ್ತೂ ನಿಮ್ಮಲ್ಲಿ ಕೆಲಸದಲ್ಲಿದ್ದಾಳಾ? ಹೌದು ಅಂದರೆ ಮನೆ. ಇಲ್ಲ ಅಂದರೆ ಇಲ್ಲ. ಹೇಳಬೇಕಾದದ್ದು ಪ್ರಿನ್ಸಿಪಾಲ್.

ಮೊದಲ ಮನೆ ಕೊಳ್ಳುವವರಿಗೆಂದು ಲೈಬ್ರರಿಯಲ್ಲಿ ಎರಡು ಶನಿವಾರ ತರಗತಿ ನಡೆಸಿದ್ದರು. ಪಾಠ ಹೇಳಿದ ಹೆಂಗಸು ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ, ಬೆರಳು ಮಡಚುತ್ತ ಹೇಳಿದಳು: “ಕೀಲಿ ಕೈಗೆ ಬರೋವರೆಗೆ ಏನನ್ನೂ ಅಲ್ಲಾಡಿಸಬೇಡಿ. ಹೊಸ ಸಾಲ ಬೇಡ. ಹೊಸ ಸೋಫಾ ಬೇಡ. ಹೊಸ ಕೆಲಸ ಬೇಡ. ಮೇಲಿನವರ ಹತ್ತಿರ ಜಗಳ ಅಂತೂ ಬೇಡವೇ ಬೇಡ.” ಎಲ್ಲರೂ ನಕ್ಕರು. ವರ್ನೆಟಾ ನಗಲಿಲ್ಲ, ಬರೆದುಕೊಂಡಳು.

ಮನೆಯ ಕರಾರಾದಂದಿನಿಂದ ಅರವತ್ತು ದಿನ ಬರೆದುಕೊಂಡಂತೆಯೇ ನಡೆದುಕೊಂಡಳು. ಕಾರಿನ ಟೈರು ಸವೆದು ತಂತಿ ಕಾಣುತ್ತಿತ್ತು, ಸಾಲದಲ್ಲಿ ಹಾಕಿಸಲಿಲ್ಲ. ಅವರು ಬಾಡಿಗೆಗಿದ್ದ ತಗಡಿನ ಟ್ರೇಲರ್ ಮನೆಯ ನೆಲ ಕೊಳೆತು, ಅವ್ವ ಓಲಾಳ ಕಾಲು ಒಂದು ದಿನ ಮೊಣಕಾಲಿನವರೆಗೆ ಒಳಗೆ ಇಳಿದುಹೋಯಿತು. ಜಾಗದ ಒಡೆಯ ಬಂದು ನೋಡಿ, “ಮುದುಕಿ ತೂಕ ಇಳಿಸ್ಕೊಳ್ಲಿ” ಅಂದ. ವರ್ನೆಟಾ ಹಲ್ಲು ಕಚ್ಚಿಕೊಂಡು ಹಲಗೆ ಮುಚ್ಚಿದಳು. ಅವ್ವ ಹುಟ್ಟಿದ್ದು ಹತ್ತಿ ತೋಟದ ಧಣಿಯ ಗುಡಿಸಲಲ್ಲಿ, ಬದುಕಿದ್ದು ಮೀನು ಕಾರ್ಖಾನೆಯ ಸಾಲುಮನೆಯಲ್ಲಿ, ಮುಪ್ಪು ಇನ್ನೊಬ್ಬನ ಟ್ರೇಲರಿನಲ್ಲಿ. ಎಪ್ಪತ್ತೊಂದು ವರ್ಷಕ್ಕೆ ಅವಳು, ಮಗಳು ಕೊಳ್ಳಲಿದ್ದ ಸೈಪ್ರೆಸ್ ಬೀದಿಯ ಎರಡು ಕೋಣೆಯ ಇಟ್ಟಿಗೆ ಮನೆಯನ್ನು ನೋಡಿ ಬಂದು, ಡೀಪ್ ಫ್ರೀಜರ್ ಎಲ್ಲಿ ಇಡುವುದೆಂದು ಆಗಲೇ ತೀರ್ಮಾನಿಸಿದ್ದಳು. ಸಹಿಯ ದಿನ ಅಂತ ಇವತ್ತು ಬೆಳಿಗ್ಗೆ ಐದಕ್ಕೇ ಎದ್ದು, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಕೂತಿದ್ದಳು.

“ನಂಗೊಂದು ಕುರ್ಚಿ ಹಾಕ್ಕೊಡು ಮಗಾ ಆ ವರಾಂಡದಾಗೆ. ಯಾವ ಬೋಳಿಮಗ ಎಬ್ಬುಸ್ತಾನೆ ನೋಡ್ತೀನಿ,” ಅಂದಿದ್ದಳು.

ಈಗ ಬ್ರೀಲ್ಯಾಂಡನ ಮೇಜಿನ ಮುಂದೆ ಆ ಮಾತು ನೆನಪಾದರೂ ವರ್ನೆಟಾ ಪೆನ್ನು ಮುಟ್ಟಲಿಲ್ಲ.

“ಸಾರ್, ಮಗು ಒಳಗಿದ್ದದ್ದು ಒಂದು ಗಂಟೆ ಐವತ್ತು ನಿಮಿಷ. ಬಾಗಿಲಿಗೆ ಹೊರಗಿನಿಂದ ಬೆಣೆ ಹಾಕಿತ್ತು. ನಾನೇ ಕಿತ್ತೆ. ಉಗುರೆಲ್ಲ ರಕ್ತ ಸಾರ್, ಬಾಗಿಲು ಕೆರೆದೂ ಕೆರೆದೂ.”

“ಟ್ರೆಂಥಮ್ ಹೇಳೋದೇ ಬೇರೆ.”

“ಅವನು ಹೇಳದೆ ಇರ್ತಾನಾ? ಹಾಕಿದೋನೇ ಅವನು.”

ಟ್ರೆಂಥಮ್ ಶಾಲೆಯ ಶಿಸ್ತು ನೋಡಿಕೊಳ್ಳುವವನು. ಫುಟ್‌ಬಾಲ್ ಕೋಚ್ ಆಗಿದ್ದ. ಶಾಲಾ ಮಂಡಳಿಯ ಅಧ್ಯಕ್ಷನ ಅಳಿಯ. ಮಾಪು, ಬಕೆಟು ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆಗೆ ನೀಲಿ ಬಣ್ಣ ಬಳಿಸಿ ಶಾಂತಿ ಕೋಣೆ ಎಂದು ಹೆಸರಿಟ್ಟವನೂ ಅವನೇ. ಮಂಗಳವಾರ ಪರೀಕ್ಷೆಯ ಗಂಟೆಗೆ ಬೆಚ್ಚಿ ನೈಜಾ ಕಿರುಚಿಕೊಂಡಳು. ಮಾತು ಬಾರದ ಹುಡುಗಿ ಇನ್ನೇನು ಮಾಡೀತು? ತೋಳು ಹಿಡಿದು ಎಳೆದುಕೊಂಡು ಹೋಗಿ ಒಳಗೆ ದೂಡಿದ. ಮರೆತ. ಅಥವಾ ಮರೆಯಲಿಲ್ಲ.

ಬ್ರೀಲ್ಯಾಂಡ್ ಎದ್ದು ಬಾಗಿಲನ್ನು ಅರ್ಧ ಮುಚ್ಚಿದ. ಇಷ್ಟು ಹೊತ್ತಿನ ಸೂಟುಬೂಟಿನ ಭಾಷೆ ಅಲ್ಲಿಗೆ ನಿಂತಿತು.

“ನೋಡು ವರ್ನೆಟಾ, ನಾನೂ ನಿನ್ನ ಗಲ್ಲಿಯೋನೇ. ನಮ್ಮಪ್ಪನೂ ಅದೇ ಕಾರ್ಖಾನೇಲಿ ಮೀನಿನ ತಲೆ ಕಡಿದು ಸತ್ತ. ಈ ಕುರ್ಚಿ ಮೇಲೆ ನಮ್ಮ ಬಣ್ಣದೋನು ಕೂತಿರೋದು ನಾನೇ ಮೊದಲು. ಟ್ರೆಂಥಮನ ಆ ಮುದಿ ಮಾವ ಉಗುರಲ್ಲಿ ಚಿವುಟಿದ್ರೆ ಸಾಕು, ನಾನಿಲ್ಲ. ನಾನಿಲ್ದಿದ್ರೆ ನೀನೆಲ್ಲೇ? ಮತ್ತೆ ಉಚ್ಚೆ ಬಟ್ಟೆನಾ?”

“ಸಹಿ ಹಾಕಿದ್ರೆ, ಜೊತೇಲಿದ್ದು ಕೈ ಮುರಿಯೋಕೆ ಬಿಟ್ಟೋಳು ನಾನಾಗ್ತೀನಿ ಸಾರ್.”

“ಯಾರು ಕೇಳ್ತಾರೆ? ಫೈಲು ಮುಚ್ತಾರೆ, ಅಷ್ಟೇ. ನಿನ್ನ ಕೀಲಿ ನಿನ್ನ ಕೈಗೆ ಬರುತ್ತೆ. ಮೂರು ವರ್ಷ ತೆಪ್ಪಗಿದ್ರೆ ಹಣಾನೂ ನಿಂದೇ.” ಅವನು ನಕ್ಕ. “ನಿನಗೆ ಬಾಯಿ ಮುಚ್ಕೊಂಡಿರೋದು ಹೊಸದೇನಲ್ವಲ್ಲ. ಟ್ರೆಂಥಮ್ ಎಲ್ಲಾ ಹೇಳಿದಾನೆ ನನಗೆ.”

ಎಲ್ಲಾ ಅಂದರೆ ಯಾವುದೆಂದು ವರ್ನೆಟಾಳಿಗೆ ಗೊತ್ತಿತ್ತು.

ಮೂರು ವಾರದ ಹಿಂದೆ ನೈಜಾಳ ಲಂಗ ಒದ್ದೆಯಾಗಿತ್ತು. ಕಾಲಿನ ಮೇಲೆ ನೀಲಿ ಬಣ್ಣದ ಚೂರು ಅಂಟಿತ್ತು. ವರ್ನೆಟಾ ಹೋಗಿ ನೋಡಿದರೆ ಆ ಕೋಣೆಯ ಹೊಸ್ತಿಲಲ್ಲಿ ಮರದ ಬೆಣೆ ಬಿದ್ದಿತ್ತು. ಟ್ರೆಂಥಮ್ ಗೋಡೆಗೊರಗಿ ಕಡಲೆಕಾಯಿ ತಿನ್ನುತ್ತಿದ್ದ. “ಏನಿದು?” ಅಂದಳು. “ಮನೆ ಕೊಂಡ್ಕೊತಿದೀಯಂತೆ? ಒಳ್ಳೇದಾಗ್ಲಿ,” ಅಂದ. ಅಷ್ಟೇ ಅಂದದ್ದು. ಅವಳು ಹೋಗಿ ಹುಡುಗಿಯ ಲಂಗ ಬದಲಿಸಿ, ತಲೆ ಬಾಚಿ, ಬಿಸ್ಕತ್ತು ಕೊಟ್ಟು, ಬಸ್ಸು ಹತ್ತಿಸಿದಳು. ಇನ್ನು ಇಪ್ಪತ್ತಮೂರು ದಿನ, ಆಮೇಲೆ ಇವನ ಹುಟ್ಟಡಗಿಸುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟಳು. ಇಪ್ಪತ್ತು ದಿನಕ್ಕೆ ಹುಡುಗಿಯ ಕೈ ಮುರಿಯಿತು.

ಅರ್ಧ ತೆರೆದ ಬಾಗಿಲಿನಾಚೆ ಆಫೀಸಿನ ಬೆಂಚು ಕಾಣುತ್ತಿತ್ತು. ನೈಜಾಳ ಅಜ್ಜಿ ಲೊರೇನ್ ಅಲ್ಲಿ ಬೆಳಗಿನಿಂದ ಕೂತಿದ್ದಳು. ಮೀನು ಕಾರ್ಖಾನೆಯ ಬಿಳಿ ರಬ್ಬರ್ ಬೂಟು ಇನ್ನೂ ಕಾಲಿನಲ್ಲೇ ಇತ್ತು, ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದಳು. ಅವಳ ಪಕ್ಕ ಕೂರಲು ಯಾರಿಗೂ ಮನಸ್ಸಿರಲಿಲ್ಲ, ವಾಸನೆಗೆ. ಗುಮಾಸ್ತೆ ಜೂನಿ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಟೈಪು ಮಾಡುತ್ತಿದ್ದಳು.

“ಏಯ್ ಹುಡ್ಗಿ,” ಲೊರೇನ್ ಗದರಿದಳು, “ಉಯ್ಯಾಲೆಯಿಂದ ಬಿದ್ಲು ಅಂತ ಫೋನಲ್ಲಿ ಅಂದ್ಯಲ್ಲ, ಎಲ್ಲೈತೆ ತೋರ್ಸು ನಿಮ್ಮ ಉಯ್ಯಾಲೆ. ಸುತ್ತಾ ನೋಡ್ಕೊಂಡ್ ಬಂದೆ. ಕಂಬ ಐತೆ, ಉಯ್ಯಾಲೆ ಇಲ್ಲ.”

“ಕೂತ್ಕೊಳ್ಳಮ್ಮ, ಸಾಹೇಬ್ರು ಬಿಜಿ.”

“ಕೂತೇ ಇವ್ನಿ. ತಿಕ ಸವೆದೋತು.”

ಜೂನಿಯ ಮೇಜಿನ ಫೋನ್ ಹೊಡೆದುಕೊಂಡಿತು. ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

“ಸಾರ್, ಬ್ಯಾಂಕಿನೋರು. ಮಿಸ್ ಪೆಟಿಗ್ರೂ ವಿಚಾರವಂತೆ.”

“ಈ ಕಡೆ ಕೊಡು.” ಬ್ರೀಲ್ಯಾಂಡ್ ತನ್ನ ಮೇಜಿನ ಫೋನೆತ್ತಿ, “ಒಂದು ನಿಮಿಷ, ಅವರ ಫೈಲು ನೋಡ್ತಿದೀನಿ,” ಎಂದು ಸಕ್ಕರೆಯಂಥ ದನಿಯಲ್ಲಿ ಹೇಳಿ ಅಂಗೈಯಿಂದ ಮುಚ್ಚಿಕೊಂಡ. ಗದ್ದವನ್ನು ಕಾಗದದ ಕಡೆ ಆಡಿಸಿದ.

ವರ್ನೆಟಾ ಪೆನ್ನು ತೆಗೆದುಕೊಂಡಳು. ಅವಳಿಗೆ ಮನೆ ಬೇಕಿತ್ತು. ಯಾರು ಏನೇ ಅನ್ನಲಿ, ಅವಳಿಗೆ ಆ ಮನೆ ಬೇಕೇ ಬೇಕಿತ್ತು. ಆ ಹೊಸ್ತಿಲು ಬೇಕಿತ್ತು, ಹಿತ್ತಿಲಿನ ಪೆಕಾನ್ ಮರ ಬೇಕಿತ್ತು, ಟೋಪಿ ಹಾಕಿಕೊಂಡು ಕೂತ ಅವ್ವನನ್ನು ಕಾರಿನಿಂದ ಇಳಿಸಿ ಕೈಹಿಡಿದು ಒಳಗೆ ಕರೆದುಕೊಂಡು ಹೋಗಬೇಕಿತ್ತು. ಒಂದು ಸಹಿ. ಆಸೆಯಿಂದ ಅವಳಿಗೆ ಅಳು ಬಂತು.

ಅವಳು ಹತ್ತು ನಿಮಿಷ ಎಂಬುದನ್ನು ಹೊಡೆದುಹಾಕಿದಳು. ಮೇಲೆ ಬರೆದಳು: ಒಂದು ಗಂಟೆ ಐವತ್ತು ನಿಮಿಷ. ಬಾಗಿಲು ತೆರೆದಿತ್ತು ಎಂಬುದನ್ನು ಹೊಡೆದುಹಾಕಿ, ಹೊರಗಿನಿಂದ ಬೆಣೆ ಎಂದು ಬರೆದಳು. ಹಾಕಿದವನ ಹೆಸರು ಬರೆದಳು. ಜೊತೆಗಿದ್ದರು, ತಾನಾಗಿಯೇ ಜಾರಿ ಎಂಬುದನ್ನೂ ಹೊಡೆದುಹಾಕಿ, ತನ್ನನ್ನು ಪರೀಕ್ಷೆ ಹಾಲಿಗೆ ಕಳಿಸಿದವನ ಹೆಸರು ಬರೆದಳು. ಕೊನೆಗೆ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದಳು.

ಬ್ರೀಲ್ಯಾಂಡ್ ತಲೆಕೆಳಗಾಗಿಯೇ ಅದನ್ನು ಓದುತ್ತಿದ್ದ. “ಥೂ, ಮುಂಡೇದೇ,” ಅಂದ ಮೆಲ್ಲಗೆ. ಕಾಗದಕ್ಕೆ ಕೈಹಾಕಿದ. ಅಷ್ಟರಲ್ಲಿ ಅವಳು ಕಾಗದವನ್ನು ಎದೆಗವಚಿಕೊಂಡು ಬಾಗಿಲು ದೂಡಿ ಹೊರಗೆ ಬಂದಿದ್ದಳು.

ಬೆನ್ನ ಹಿಂದೆ ಅವನ ದನಿ ಕೇಳಿಸಿತು. ಆಫೀಸಿಗೆಲ್ಲ ಕೇಳಲಿ ಎಂದೇ ಅವನು ಜೋರಾಗಿ ಮಾತಾಡಿದ.

“ಹಲೋ, ಕಾಯಿಸಿದ್ದಕ್ಕೆ ಕ್ಷಮಿಸಿ. ಇಲ್ಲ. ಆಕೆ ಈಗ ನಮ್ಮಲ್ಲಿ ಕೆಲಸದಲ್ಲಿಲ್ಲ. ಹೌದು ಹೌದು, ಇವತ್ತಿನಿಂದಲೇ.”

ವರ್ನೆಟಾ ತಿರುಗಿ ನೋಡದೆ ಬೆಂಚಿನ ಹತ್ತಿರ ಹೋದಳು. ಜೂನಿ ಟೈಪು ಮಾಡುವುದನ್ನು ನಿಲ್ಲಿಸಿದ್ದಳು.

“ಲೊರೇನಕ್ಕಾ, ತಗೋ. ಒಂದಕ್ಕೆ ರಾಜ್ಯದೋರು ಬರ್ತಾರೆ. ಅವ್ರ ಕೈಗೇ ಕೊಡು. ಬ್ಯಾರೆ ಯಾರು ಕೇಳಿದ್ರೂ ಕೊಡ್ಬ್ಯಾಡ.”

ಲೊರೇನ್ ಕಾಗದವನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು. “ಕನ್ನಡಕ ಕಾರ್ಖಾನ್ಯಾಗೆ ಉಳೀತು ಕಣೆ. ನೀನೇ ಓದು.”

“ಇಲ್ಲೇನಾ?”

“ಇಲ್ಲೇ.”

ವರ್ನೆಟಾ ಓದಿದಳು. ಒಂದು ಗಂಟೆ ಐವತ್ತು ನಿಮಿಷ ಎಂಬಲ್ಲಿ ಲೊರೇನಳ ಬಾಯಿಂದ ಒಂದು ಸದ್ದು ಬಂತು. ಬೆಣೆ ಎಂಬಲ್ಲಿ ಅವಳು ಎದ್ದು ನಿಂತಳು. ಹೆಸರುಗಳನ್ನು ಓದಿದಾಗ, “ಸೂಳೆಮಕ್ಳಾ,” ಎಂದು ಒಳಕೋಣೆಯ ಕಡೆ ನೋಡಿ ಉಗಿದಳು. ಕೊನೆಯ ಸಾಲಿಗೆ ಬಂದಾಗ ವರ್ನೆಟಾ ಕಾಗದ ಮಡಚತೊಡಗಿದಳು.

“ಯಾಕೆ ನಿಲ್ಸ್ದೆ? ಇನ್ನೂ ಬರ್ದೈತಲ್ಲ ಅಲ್ಲಿ. ಓದು.”

“ಹೀಗೆ ಮಗುವನ್ನು ಕೂಡಿಹಾಕುತ್ತಿದ್ದದ್ದು ನನಗೆ ಮೂರು ವಾರದಿಂದ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.”

ಮೊಬೈಲು ವರ್ನೆಟಾಳ ಜೇಬಿನಲ್ಲಿ ಅದುರತೊಡಗಿತು. ಅವ್ವನೇ ಇರಬೇಕು. ಅವಳು ತೆಗೆಯಲಿಲ್ಲ. ಉದ್ದನೆಯ ಕಾರಿಡಾರಿನ ಆ ತುದಿಯಿಂದ ಟ್ರೆಂಥಮ್ ಪ್ಯಾಂಟು ಮೇಲೆಳೆದುಕೊಳ್ಳುತ್ತ ಅವರ ಕಡೆಗೇ ಬರುತ್ತಿದ್ದ, ಹಿಂದೆ ಶಾಲೆಯ ಪೊಲೀಸಿನವನು.

ಲೊರೇನ್ ವರ್ನೆಟಾಳ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ಹೊಡೆದಿದ್ದರೂ ವರ್ನೆಟಾ ಕೆನ್ನೆ ಕೊಡುತ್ತಿದ್ದಳು.

“ಮೂರ್ ವಾರ,” ಅಂದಳು ಲೊರೇನ್. “ದಿನಾ ಬೆಳಿಗ್ಗೆ ಬಸ್ಸು ಕಂಡ್ರೆ ನನ್ನ ಅಂಗಿ ಹಿಡ್ಕೊಂಡು ಅಳ್ತಿತ್ತು ಕೂಸು. ನಾನೇ ಹೊಡ್ದು ಹತ್ತುಸ್ತಿದ್ದೆ. ಮಿಸ್ ವರ್ನೆಟಾ ಅವ್ಳೆ, ಹೋಗು, ಅಂತ.”

ವರ್ನೆಟಾ ತಲೆ ತಗ್ಗಿಸಿದಳು.

“ತಲೆ ಎತ್ತು. ಆ ಸಾಲು ಇನ್ನೊಂದ್ಸಲ ಓದು. ಜೋರಾಗಿ.”

ಟ್ರೆಂಥಮನ ಬೂಟಿನ ಸದ್ದು ಹತ್ತಿರವಾಯಿತು. ಒಂದೊಂದೇ ತರಗತಿಯ ಬಾಗಿಲು ತೆರೆದು ಟೀಚರುಗಳು ಇಣುಕತೊಡಗಿದರು. ವರ್ನೆಟಾ ಆ ಸಾಲನ್ನು ಜೋರಾಗಿ ಓದಿದಳು.

“ಇನ್ನೂ ಜೋರಾಗಿ,” ಅಂದಳು ಲೊರೇನ್.