ಮಾವನ ಲಾವಕ್ಕಿ

ದಾಕ್ಷಾಯಣಿ ಬುಟ್ಟಿಯೊಳಗಿಂದ ಲಾವಕ್ಕಿಯನ್ನು ಎತ್ತಿಕೊಂಡಳು. ಅಂಗೈಯಲ್ಲಿ ಭಾರವೇ ಇರಲಿಲ್ಲ. ಹಕ್ಕಿಯ ಎದೆಯ ನಡುವಿನ ಎಲುಬು ಈಳಿಗೆಯ ಅಲಗಿನಂತೆ ಬೆರಳಿಗೆ ಹತ್ತುತ್ತಿತ್ತು.

ಅದು ಅವಳ ಮಾವ ಉಜ್ಜನಪ್ಪನವರ ಹಕ್ಕಿ. ತಮ್ಮೂರು ಕುಂಸಿಯ ಹೊಲದಲ್ಲಿ ಒಂಟಿಯಾಗಿ ಸಿಕ್ಕ ಮರಿಯನ್ನು ಅವರೇ ತಂದು ಸಾಕಿದ್ದರು. ಲಕ್ವ ಹೊಡೆದು, ಬಲಭಾಗ ಬಿದ್ದು, ಮಾತು ನಿಂತ ಮೇಲೆ ಮಗ ಅವರನ್ನು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿಗೆ ಕರೆತಂದ. ಜೊತೆಗೆ ಬುಟ್ಟಿಯೂ ಬಂತು. ದಿನಾ ಬೆಳಿಗ್ಗೆ ಎಡಗೈಯಿಂದ ಹಕ್ಕಿಯ ಎದೆ ಸವರಿದ ಮೇಲೆಯೇ ಅವರು ಗಂಜಿಗೆ ಬಾಯಿ ತೆರೆಯುತ್ತಿದ್ದರು. ಹಕ್ಕಿ ಸೊರಗಿದಂತೆ ಅವರೂ ಹಲ್ಲು ಬಿಗಿಹಿಡಿದರು. ಈಗಂತೂ ಒಂದು ಗುಟುಕು ಒಳಗಿಳಿಸುವುದೇ ಹರಸಾಹಸವಾಗಿತ್ತು.

ಹಕ್ಕಿಗೆ ಮೈ ತುಂಬಲೆಂದು ದಾಕ್ಷಾಯಣಿ ತುಪ್ಪ ಕಲಸಿದ ಅನ್ನ ತಿನ್ನಿಸಿದಳು. ಹಕ್ಕಿ ನೀರುನೀರಾಗಿ ಹಿಕ್ಕೆ ಹಾಕಿ ಇನ್ನಷ್ಟು ಕುಸಿಯಿತು. ದಿಕ್ಕು ತೋಚದೆ ಬುಟ್ಟಿಗೆ ಹಳೇ ಸೀರೆ ಸುತ್ತಿ ಶಿವಮೊಗ್ಗದ ರೈಲು ಹತ್ತಿದಳು.

ದನದ ಆಸ್ಪತ್ರೆಯ ಡಾಕ್ಟರು ವೆಂಕಟಾಚಲ ನಗಲಿಲ್ಲ. ಹಕ್ಕಿಯ ಬಾಯಿ, ರೆಕ್ಕೆಯಡಿ, ಎಲ್ಲ ನೋಡಿದರು.

“ತುಪ್ಪ ಯಾರಮ್ಮ ತಿನ್ನಿಸಿದ್ದು?”

“ನಾನೇ.”

“ಅದರಿಂದ್ಲೇ ಹೊಟ್ಟೆ ಕೆಟ್ಟಿದೆ, ನಿಲ್ಲಿಸಿ. ನವಣೆ ನುಚ್ಚು ಹಾಕಿ, ಬೆಚ್ಚಗಿಡಿ. ಆದ್ರೆ ಬರೀ ಕಾಳಿಂದ ಇದು ಚೇತರಿಸ್ಕೊಳ್ಳಲ್ಲ. ಹೊಲದಲ್ಲಿದ್ದಿದ್ರೆ ಹುಳ ಹೆಕ್ಕಿ ತಿನ್ತಿತ್ತು. ಬೇಯಿಸಿದ ಕೋಳಿಮೊಟ್ಟೆ ಪುಡಿ ಮಾಡಿ ಚೂರು ಚೂರೇ ಕೊಡಿ.”

ದಾಕ್ಷಾಯಣಿಯ ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು. “ನಾವು ಲಿಂಗವಂತರು, ಡಾಕ್ಟ್ರೇ. ಮೊಟ್ಟೆ ಹೊಸ್ತಿಲು ದಾಟೋ ಹಾಗಿಲ್ಲ. ಬೇರೇನೂ ಇಲ್ವಾ?”

“ಗೆದ್ದಲು ಹಿಡಿದು ಹಾಕ್ತೀರಾ? ಅದೂ ಜೀವಾನೇ. ನೋಡಿಮ್ಮ, ಕಾಯೋಕೆ ಇದಕ್ಕೆ ತ್ರಾಣ ಇಲ್ಲ.”

ಭದ್ರಾವತಿಗೆ ಮರಳಿದವಳು ಮನೆಗೆ ಹೋಗದೆ ಪಕ್ಕದ ತಮಿಳರ ತಂಗಮ್ಮಾಳ್ ಬಾಗಿಲು ತಟ್ಟಿದಳು. ಆಕೆ ಮೊಟ್ಟೆ ಬೇಯಿಸಿ, ಹಳದಿಯನ್ನು ಪುಡಿಮಾಡಿ ಬಾಳೆಲೆಯಲ್ಲಿ ಸುತ್ತಿಕೊಟ್ಟಳು. ತಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಬಿಚ್ಚುವಾಗ ಅತ್ತೆ ಕಲ್ಲಮ್ಮ ಎದುರಿಗೇ ಬಂದರು.

“ಏನೇ ಅದು?”

ಕಡಲೆಹಿಟ್ಟು ಅನ್ನಬಹುದಿತ್ತು. ನಾಲಗೆ ಏಳಲಿಲ್ಲ. “ಮೊಟ್ಟೆ, ಅತ್ತೆ.”

“ಲಿಂಗಪೂಜೆ ಮಾಡೋ ಮನೇಲಿ?”

“ಹಕ್ಕಿ ಹೋದ್ರೆ ಮಾವ ಉಳಿಯಲ್ಲ. ಬೈದ್ಬಿಡಿ, ಹೊಡೆದ್ಬಿಡಿ. ನಿಲ್ಸು ಅಂತ ಮಾತ್ರ ಅನ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಕಲ್ಲಮ್ಮ ಬೈಯಲೂ ಇಲ್ಲ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ತಮ್ಮ ಅಡಿಗೆ ತಾವೇ ಮಾಡಿಕೊಳ್ಳತೊಡಗಿದರು. ಸೊಸೆಯ ಕೈಯಿಂದ ನೀರು ಸಹ ಮುಟ್ಟಲಿಲ್ಲ.

ಇಷ್ಟೆಲ್ಲ ಮಾಡಿದರೂ ಹಕ್ಕಿ ಕಣ್ಣುಮುಚ್ಚಿ ಕೂತೇ ಇತ್ತು. ದಾಕ್ಷಾಯಣಿ ಪುಡಿಯ ಮುಂದೆ ಉಗುರಿನಿಂದ ನೆಲ ಕುಟ್ಟಿದಳು, ಹೇಂಟೆ ಮರಿಗಳಿಗೆ ತೋರಿಸುವ ಹಾಗೆ. ಕುಟ್ಟಿ ಕುಟ್ಟಿ ಬೆರಳು ನೋಯುವ ಹೊತ್ತಿಗೆ ಅದು ಒಂದು ಚೂರು ಕುಕ್ಕಿತು. ಸ್ವಲ್ಪ ತಡೆದು ಇನ್ನೊಂದು. ಅಲ್ಲಿಂದಾಚೆ ಅವಳು ಒಲೆಯ ಕೆಲಸ ಬಿಟ್ಟಾಗಲೆಲ್ಲ ಬುಟ್ಟಿಯ ಬಳಿಯೇ. ಹಿಕ್ಕೆ ಗಟ್ಟಿಯಾಯಿತು. ಹಕ್ಕಿ ಬೂದಿಮಣ್ಣಿನಲ್ಲಿ ಹೊರಳಿ ಪುಕ್ಕ ಕೊಡವುವಂತಾಯಿತು.

ಒಂದು ಬೆಳಿಗ್ಗೆ ಮಾವ ಹಕ್ಕಿಯ ಎದೆ ಸವರಿ, ಮತ್ತೆ ಸವರಿದರು. ಆಮೇಲೆ, ಅಲ್ಲೇ ವಿಭೂತಿ ಗಟ್ಟಿ ಎತ್ತಿಕೊಳ್ಳುತ್ತಿದ್ದ ಹೆಂಡತಿಯ ಸೆರಗು ಹಿಡಿದೆಳೆದರು. ಕಲ್ಲಮ್ಮ ಹಿಂಜರಿಯುತ್ತ ಬೆರಳು ಚಾಚಿ ಮುಟ್ಟಿದರು.

“ಮೈ ತುಂಬಿದೆ ಕಣ್ರೀ,” ಎಂದು ಗಂಡನಿಗೆ ಹೇಳಿದರು. ಸೊಸೆಯತ್ತ ತಿರುಗಲಿಲ್ಲ, ಕೈ ತೊಳೆದುಕೊಂಡು ಹಿತ್ತಲಿಗೆ ಹೊರಟುಹೋದರು.

ದಾಕ್ಷಾಯಣಿ ಗಂಜಿಯ ಬಟ್ಟಲು ಎತ್ತಿಕೊಂಡಳು. ಮಾವ ಅಷ್ಟರಲ್ಲಿ ಬಾಯಿ ತೆರೆದಿದ್ದರು. ಬಟ್ಟಲು ಬರಿದಾದ ಮೇಲೂ ತೆರೆದೇ ಇದ್ದರು. ಅವಳು ಕಣ್ಣೊರೆಸಿಕೊಂಡು ಇನ್ನಷ್ಟು ಗಂಜಿ ಬಗ್ಗಿಸಿಕೊಂಡು ಬಂದಳು.