ಕೋಟೆಯ ಹೊರಗೆ

ಟೀಚರ್ ಮಗಳ ಯೂನಿಫಾರಂ ಅಂಗಿಯ ಒಂದು ತೋಳಿಗೆ ಇಸ್ತ್ರಿ ಹಾಕಿ ಇನ್ನೊಂದನ್ನು ಹರಡುವಷ್ಟರಲ್ಲಿ ಅಣ್ಣನ ಫೋನು ಬಂತು. ಅಪ್ಪ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅವಳು ಪ್ಲಗ್ ಕಿತ್ತಳು. ಎಂಟು ವರ್ಷದ ಪುಟ್ಟಿ ಅದೇ ಅಂಗಿ ತೊಟ್ಟು ಹೊರಟಳು. ಒಂದು ತೋಳು ಗರಿಗರಿ, ಇನ್ನೊಂದು ಮುದ್ದೆ.

ಅಣ್ಣನ ಮನೆಯ ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದರು. ಮೂವತ್ತನಾಲ್ಕು ವರ್ಷ ಪ್ರವಾಸಿ ಬಸ್ಸು ಓಡಿಸಿದವರು. ಯಾವ ಕೋಟೆಗೆ ಯಾವ ತಿರುವು, ಯಾವ ಮ್ಯೂಸಿಯಂ ಎದುರು ಮಧ್ಯಾಹ್ನ ನೆರಳು ಸಿಗುತ್ತದೆ, ಎಲ್ಲ ಬಾಯಿಪಾಠ. ಒಳಗೇನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಪ್ರಯಾಣಿಕರ ಸಾಮಾನು ಬಿಟ್ಟು ಡ್ರೈವರ್ ಕದಲಬಾರದು ಎಂಬುದು ಕಂಪನಿಯ ಕಟ್ಟಳೆ.

ಅವರ ಬಸ್ಸಿನಲ್ಲೇ ದುಡಿದು ಎಪ್ಪತ್ತು ದಾಟಿದರೂ ಎಲ್ಲರ ಬಾಯಲ್ಲಿ ಕ್ಲೀನರ್ ಆಗಿಯೇ ಉಳಿದವನು ಕಾಲ ಬಳಿ ಕೂತಿದ್ದ.

"ನಾನು ರೈಟ್ ಅನ್ನದೆ ಒಂದು ದಿನಾನೂ ಗಾಡಿ ತೆಗೆದವನಲ್ಲ. ಇವತ್ತು ಹೇಳದೆ ಕೇಳದೆ ಹೊರಟುಬಿಟ್ಟ ನೋಡು," ಎಂದ. ಅಳುತ್ತಿದ್ದ ಅತ್ತಿಗೆಗೂ ನಗು ಬಂತು.

ಆಮೇಲೆ ಟೀಚರ ಕೈ ಹಿಡಿದುಕೊಂಡ. "ನೀನು ಪುಣ್ಯ ಕಟ್ಕೊಂಡೆ ಕಣಮ್ಮ. ಹೋದ್ವರ್ಷ ಕೋಟೆ ಒಳಗೆಲ್ಲ ಕೈ ಹಿಡಿದು ತೋರಿಸಿದ್ಯಂತೆ. 'ರಾಣಿ ಕನ್ನಡೀಲಿ ನನ್ನ ಮುಖ ನೋಡ್ಕೊಂಡೆ ಕಣೋ' ಅಂತ ಸಿಕ್ಕಿದವರಿಗೆಲ್ಲ ಹೇಳ್ತಿದ್ದ."

ಅವಳು ಹೂಂ ಎಂದಳು. ಪುಟ್ಟಿ ತಲೆಯೆತ್ತಿ ಅಮ್ಮನನ್ನೇ ನೋಡಿದಳು.

*

ಹೋದ ವರ್ಷ ಶಾಲೆಯ ಶಿಕ್ಷಕರ ಪ್ರವಾಸಕ್ಕೆ ಬಸ್ಸು ಬಂದಾಗ ಸ್ಟಿಯರಿಂಗ್ ಹಿಡಿದಿದ್ದವರು ಅಪ್ಪ. ನಿವೃತ್ತರಾದ ಮೇಲೂ ಯಾರಾದರೂ ರಜೆ ಹಾಕಿದರೆ ಅವರಿಗೆ ಕರೆ ಬರುತ್ತಿತ್ತು. ಮಗಳನ್ನು ಕಂಡು ಅವರ ಮುಖ ಅರಳಿತು.

ತನ್ನ ಅಪ್ಪ ದೊಡ್ಡ ಆಫೀಸರಾಗಿದ್ದರು ಎಂದು ಅವಳು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಆರು ವರ್ಷವಾಗಿತ್ತು. ಬಸ್ಸಿನ ಮೆಟ್ಟಿಲಲ್ಲೇ ಬಗ್ಗಿ, "ಮಿಸ್‌ಗಳ ಎದುರು ಅಜ್ಜ ಅನ್ನಬೇಡ," ಎಂದು ಪುಟ್ಟಿಯ ಕಿವಿಯಲ್ಲಿ ಹೇಳಿದಳು. ಅಪ್ಪ ಮುಖ ತಿರುಗಿಸಿ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು.

ಕೋಟೆಯ ಬಾಗಿಲಲ್ಲಿ ಹೆಡ್‌ಮಿಸ್ ಕೈಯಲ್ಲಿ ಒಂದು ಟಿಕೆಟ್ ಹೆಚ್ಚಿಗೆ ಉಳಿಯಿತು. ಡ್ರೈವರನ್ನೂ ಕರೆಯೋಣವೇ ಎಂದು ಕೇಳಿದರು.

"ಅವರಿಗೆ ಇದರಲ್ಲೆಲ್ಲ ಏನು ಆಸಕ್ತಿ ಇರುತ್ತೆ ಮೇಡಂ," ಎಂದಳು ಟೀಚರ್.

ವಾಪಸು ಬರುವಾಗ ಪುಟ್ಟಿ ಡ್ರೈವರ್ ಹಿಂದಿನ ಸೀಟು ಹಿಡಿದಳು. ಫಿರಂಗಿ, ಸುರಂಗ, ರಾಣಿಯ ಕನ್ನಡಿ, ಒಂದೂ ಬಿಡದೆ ವರದಿ ಒಪ್ಪಿಸಿದಳು. ಮಾತಿಗೊಮ್ಮೆ ಡ್ರೈವರ್ ಅಂಕಲ್.

"ಆಮೇಲೇನಿತ್ತು ಹೇಳಿ ಮರಿ ಮೇಡಂ," ಎನ್ನುತ್ತಿದ್ದರು ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.

*

ಹನ್ನೊಂದರ ಹೊತ್ತಿಗೆ ಗೇಟಿನ ಸದ್ದಾಯಿತು. ಹೆಡ್‌ಮಿಸ್ ಮುಂದೆ, ಹಿಂದೆ ನಾಲ್ವರು ಸಹೋದ್ಯೋಗಿಗಳು, ಆಫೀಸರಿಗೆ ಅಂತ ತಂದ ದೊಡ್ಡ ಹೂಮಾಲೆ. ಅಪ್ಪನ ಎದೆಯ ಮೇಲೆ ಅಣ್ಣ ಹಳೆಯ ಖಾಕಿ ಅಂಗಿಯನ್ನು ಮಡಿಸಿಟ್ಟಿದ್ದ. ಕ್ಲೀನರ್ ಎದ್ದು ಜಾಗ ಬಿಟ್ಟ. ಟೀಚರಿಗೆ ತಾನೆದ್ದದ್ದೇ ತಿಳಿಯಲಿಲ್ಲ. ಅಪ್ಪನ ಮುಖಕ್ಕೆ ಅಡ್ಡವಾಗಿ ನಿಂತಿದ್ದಳು.

ಪುಟ್ಟಿ ಅಮ್ಮನ ಕೈ ಜಗ್ಗಿದಳು. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಳೇನೋ, ಹಜಾರಕ್ಕೆಲ್ಲ ಕೇಳಿಸಿತು.

"ಅಮ್ಮಾ, ಮಿಸ್‌ಗಳೆಲ್ಲ ಬಂದಿದ್ದಾರೆ. ಇವತ್ತೂ ಅಜ್ಜ ಅನ್ನಬಾರದಾ?"