ಹೆಣ್ಣುಮಕ್ಕಳ ಗಾಡಿ

ನಮ್ಮ ಪ್ರಿನ್ಸಿಪಾಲರಾದ ಜಿನ್ನಪ್ಪ ಮಗದುಮರಿಗೆ ‘ನಿಲ್ಲಿಸೋಣ’ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಸೀಮೆಸುಣ್ಣಕ್ಕೂ ಗತಿಯಿಲ್ಲದ ವರ್ಷದಲ್ಲಿ ಹೊಸದೊಂದನ್ನು ಶುರು ಮಾಡಿ ಕುಳಿತಿರುತ್ತಿದ್ದರು. ರಾಯಬಾಗ ತಾಲೂಕಿನ ಒಂದು ಮಡ್ಡಿಯ ಮೇಲೆ, ಸುತ್ತಲಿನ ಹಳ್ಳಿಯವರು ಕೊಟ್ಟ ಜಮೀನಿನಲ್ಲಿ ಬರೀ ಕಲಾ ವಿಭಾಗ ಇಟ್ಟುಕೊಂಡು ಕುಂಟುತ್ತಿದ್ದ ಕಾಲೇಜಿಗೆ ಅವರು ವಿಜ್ಞಾನ ವಿಭಾಗ ತಂದರು. ಅದರ ಬೆನ್ನಿಗೇ ಹೆಣ್ಣುಮಕ್ಕಳ ಗಾಡಿ ತಂದರು. ಸರಕಾರದ ಅನುದಾನ ಕಲಾ ವಿಭಾಗಕ್ಕೆ ಮಾತ್ರ, ಅದೂ ಬಂದಾಗ ಬಂತು. ಉಳಿದದ್ದನ್ನೆಲ್ಲ ಸಂಸ್ಥೆ ನೋಡಿಕೊಳ್ಳಬೇಕು. ಸಂಸ್ಥೆ ಅಂದರೆ ಚೇರ್ಮನ್ ಭಾವುಸಾಹೇಬರು, ಭಾವುಸಾಹೇಬರು ಅಂದರೆ ಅವರ ಕಬ್ಬು.

ನಾನು ಅಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಹೆಸರು ರಾಜಮತಿ, ಟೀಚರಮ್ಮನೆಂದು ಎಲ್ಲರ ಬಾಯಲ್ಲಿ ‘ಬಾಯಾರು’. ಗಂಡನ ಮನೆ ಪಾಲಬಾವಿ. ಗಾಡಿ ಅಂದರೆ ಒಂದು ಹಳೆಯ ಮೆಟಡೋರು. ಅದು ಪಾಲಬಾವಿಯಿಂದ ಹೊರಟು ದಾರಿಯ ಹಳ್ಳಿಗಳ ಹುಡುಗಿಯರನ್ನು ತುಂಬಿಕೊಂಡು ಕಾಲೇಜಿಗೆ ಹೋಗುತ್ತಿತ್ತು. ಡ್ರೈವರನ ಪಕ್ಕದಲ್ಲಿ ನಾನು ಕೂತಿರಲೇಬೇಕು, ಅದು ಹೆತ್ತವರು ಹಾಕಿದ ಕರಾರು. ಮಗದುಮ ಸರ್ ಮನೆಮನೆಗೆ ಹೋಗಿ ಹುಡುಗಿಯರನ್ನು ಕೇಳಿದಾಗ ನಾನೂ ಜೊತೆಗಿದ್ದೆ. ನಮ್ಮ ಪಾಲಬಾವಿಯಲ್ಲೇ ಕುರಿ ಸಾಕುವ ಮಾಳಸಿದ್ದ ಅಂಗಳದಲ್ಲಿ ಕಂಬಳಿ ಹಾಸಿ ನಮ್ಮನ್ನು ಕೂರಿಸಿ ಹೇಳಿದ್ದ:

“ಬಾಯಾರು ಜೋಡಿ ಇರ್ತಾರು, ಗಾಡ್ಯಾಗ ಬಾಗಲಾ ಹಾಕ್ಕೊಂಡು ಹೋಗ್ತಾರು ಅಂದ್ರ ಕಳಸ್ತೀನ್ರಿ. ಮಂದಿ ಬಾಯಿಗಿ ಬೀಳಬಾರದು ನೋಡ್ರಿ, ಅಷ್ಟ.”

ಅವನ ಹಿರಿಮಗಳು ತಾರವ್ವ ಹೀಗೆ ಬಿ.ಎಸ್ಸಿ.ಗೆ ಬಂದಳು. ಅವರ ಮಂದಿಯಲ್ಲಿ ಅಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ಮಾತಿನಲ್ಲಿ ಬಲು ಜೋರು, ಪ್ರಯೋಗಶಾಲೆಯಲ್ಲಿ ಮಾತ್ರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ನಮ್ಮಲ್ಲಿದ್ದದ್ದು ಒಂದೇ ತಕ್ಕಡಿ, ಅದರ ಮುಳ್ಳು ನಡುವೆ ಸಿಕ್ಕಿಕೊಳ್ಳುತ್ತಿತ್ತು. “ಹೊಸಾ ತಕ್ಕಡಿ ಯಾವಾಗ ಬರ್ತೈತ್ರಿ ಬಾಯಾರ?” ಎಂದು ದಿನವೂ ನನ್ನ ತಲೆ ತಿನ್ನುತ್ತಿದ್ದಳು. ಬರುತ್ತೆ ಸುಮ್ಮನಿರು ಎಂದು ನಾನೂ ದಿನವೂ ಗದರುತ್ತಿದ್ದೆ. ಇಂಥ ಒಬ್ಬಳು ಕ್ಲಾಸಿನಲ್ಲಿದ್ದರೆ ಪಗಾರ ತಡವಾದದ್ದು ಅಷ್ಟಾಗಿ ಚುಚ್ಚುತ್ತಿರಲಿಲ್ಲ.

ಎಂಬತ್ತೊಂಬತ್ತರ ದೀಪಾವಳಿ ಮುಗಿಯುವುದರೊಳಗೆ ಎಲ್ಲ ಒಟ್ಟಿಗೇ ಮೈಮೇಲೆ ಬಂತು. ಅನುದಾನ ನಿಂತಿತ್ತು. ಕಾರ್ಖಾನೆ ಕಬ್ಬಿನ ಬಿಲ್ಲು ಕೊಟ್ಟಿಲ್ಲವೆಂದು ಭಾವುಸಾಹೇಬರು ಕೈ ಎತ್ತಿದರು. ಅಷ್ಟರಲ್ಲಿ ವಿಶ್ವವಿದ್ಯಾಲಯದ ಸಮಿತಿ ಬರುವ ಸುದ್ದಿ ಬಂತು. ಪ್ರಯೋಗಶಾಲೆ ಸರಿಯಿಲ್ಲದಿದ್ದರೆ ವಿಜ್ಞಾನ ವಿಭಾಗದ ಮಾನ್ಯತೆ ಹೋಗುತ್ತದೆ. ಮಗದುಮ ಸರ್ ನಮ್ಮನ್ನೆಲ್ಲ ಕೂಡಿಸಿ, ಗಾಡಿ ಮಾರಿ ತಕ್ಕಡಿ, ಬರ್ನರು ಎಲ್ಲ ತರಿಸೋಣ ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಗಾಡಿ ಮಾರಿದ ಮ್ಯಾಲ ಹುಡಿಗ್ಯಾರು ಹಾರಿ ಬರ್ತಾರೇನ್ರಿ ಸರ?”

“ಯಾವುದೂ ನಿಲ್ಲೂದಿಲ್ಲ ಬಾಯಾರ. ವಿಭಾಗನ ಮುಚ್ಚಿದ್ರ ಗಾಡ್ಯಾಗ ಬಂದು ಏನ್ ಕಲೀತಾರ ಹೇಳ್ರಿ? ಭಾವುಸಾಹೇಬ್ರ ಟ್ರ್ಯಾಕ್ಟರ ದಿನಾ ಮುಂಜಾನೆ ಪಾಲಬಾವಿ ಕಡಿಂದ ಈ ಕಡೆ ಕಬ್ಬು ಹೇರಾಕ ಖಾಲಿ ಬರ್ತೈತಿ. ಸಂಜೀಕ ಇನ್ನೊಂದು ಖಾಲಿ ಹೊಳ್ಳಿ ಹೋಗ್ತೈತಿ. ಅದರ ಟ್ರೇಲರನ್ಯಾಗ ಕರ್ಕೊಂಡು ಬರ್ರಿ. ಒಂದು ಸುಗ್ಗಿ ದಾಟಿದ್ರ ಸಾಕು.”

“ಕಬ್ಬಿನ ಟ್ರೇಲರನ್ಯಾಗರಿ?”

“ಯಾಕ, ನಮ್ಮ ಮಂದಿ ಲಗ್ನಕ್ಕ ಅದರಾಗ ಹೋಗೂದಿಲ್ಲೇನ್ರಿ? ನೀವು ಹೋಗಿಲ್ಲೇನು?”

ಹೋಗಿದ್ದೆ. ನನ್ನ ಮದುವೆಯ ದಿಬ್ಬಣವೇ ಅದರಲ್ಲಿ ಹೋಗಿತ್ತು. ಮಗದುಮ ಸರ್ ಇದೇ ನೀರು ಕುಡಿದು ಬೆಳೆದವರು, ನಾನೂ ಅಷ್ಟೆ. ಹೊರಗಿನವರ್ಯಾರಾದರೂ ಆಗಿದ್ದರೆ ಒಂದು ಮಾತು ಯಾರನ್ನಾದರೂ ಕೇಳುತ್ತಿದ್ದರೋ ಏನೋ. ನಮಗೆ ಎಲ್ಲ ಗೊತ್ತಿತ್ತಲ್ಲ, ಹಾಗಾಗಿ ಯಾರನ್ನೂ ಕೇಳಲಿಲ್ಲ.

ಗಾಡಿ ಮಾರಿದ ಮೇಲೆ ಮೊದಲನೆಯ ದಿನ ಟ್ರ್ಯಾಕ್ಟರಿನ ಡ್ರೈವರ್ ಬಾಳಾಸಾಬ ಟ್ರೇಲರ್ ಗುಡಿಸಿ, ನೀಲಿ ತಾಡಪಾಲು ಹಾಸಿ ತಂದಿದ್ದ. ಆದರೂ ಮೂಲೆಗಳಲ್ಲಿ ಕಬ್ಬಿನ ಒಣ ಎಲೆಯ ರವದಿ ಅಂಟಿಕೊಂಡಿತ್ತು. ಹುಡುಗಿಯರು ನಗುತ್ತ ಹತ್ತಿದರು. ಬಾಗಿಲು ಮುಚ್ಚಿದ ಮೆಟಡೋರಿಗಿಂತ ಇದೇ ಚೆಂದ ಎಂದು ತಾರವ್ವ ಮುಂದಿನ ಕಬ್ಬಿಣದ ಪಟ್ಟಿ ಹಿಡಿದು ನಿಂತೇಬಿಟ್ಟಳು. ಪಾಲಬಾವಿ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಇನ್ನೊಂದು ಟ್ರ್ಯಾಕ್ಟರ್ ಎದುರಾಯಿತು. ಅದರಲ್ಲಿ ಮರಾಠಿ ಸೀಮೆಯ ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ಹೆಂಗಸರು, ಮಡಿಲಲ್ಲಿ ಕೂಸು, ಕೈಯಲ್ಲಿ ಕೊಯ್ತಾ ಕತ್ತಿ. ಅವರಲ್ಲೊಬ್ಬ ಮುದುಕಿ ನಮ್ಮನ್ನು ತಮ್ಮವರೇ ಎಂದುಕೊಂಡು ಅಕ್ಕರೆಯಿಂದ ಮರಾಠಿಯಲ್ಲಿ ಕೂಗಿ ಕೇಳಿದಳು:

“ಕುಠಲ್ಯಾ ಫಡಾವರ ಗ ಪೋರಿಂನೋ?”

ಯಾವ ಫಡಕ್ಕೆ, ಅಂದರೆ ಕಬ್ಬು ಕಡಿಯುವ ಹೊಲಕ್ಕೆ, ಹೊರಟಿರಿ ಹುಡುಗಿಯರೇ ಎಂದು. ತಾರವ್ವ ನಗುತ್ತ, “ಕಾಲೇಜಾಚ್ಯಾ!” ಎಂದು ಕೂಗಿದಳು, ಕಾಲೇಜಿನ ಫಡಕ್ಕೆ ಎಂದು. ಮುದುಕಿಯೂ ನಕ್ಕಳು. ಅವಳ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದದ್ದು ಚಹಾದಂಗಡಿಯ ಬೆಂಚಿನ ಮೇಲೆ, ಕೆಲಸವಿಲ್ಲದೆ ಕೂತವರಲ್ಲಿ. ಸಂಜೆ ನಾವು ಮರಳುವಷ್ಟರಲ್ಲಿ ‘ಫಡದ ಹುಡಿಗ್ಯಾರು ಬಂದ್ರು’ ಎಂಬ ಮಾತು ತಯಾರಾಗಿತ್ತು. ನಾನು ಟ್ರೇಲರಿನಿಂದಲೇ ಚೆನ್ನಾಗಿ ಉಗಿದೆ. ಉಗಿದದ್ದರಿಂದ ಅದು ಇನ್ನಷ್ಟು ಊರುಗಳಿಗೆ ಹಬ್ಬಿತು, ಅಷ್ಟೇ ಲಾಭ.

ಮೊದಲು ಅಂಗಡಿಕಾರರ ಮಗಳು ಬರುವುದು ನಿಲ್ಲಿಸಿದಳು. ಆಮೇಲೆ ಪಾಟೀಲರ ಮನೆಯವರಿಬ್ಬರು. ಒಬ್ಬೊಬ್ಬರಿಗೆ ಒಂದೊಂದು ನೆಪ, ಜ್ವರ, ಅಜ್ಜಿ, ಜಳ್ಳು ಜಳ್ಳು ಮಾತು. ಮನೆಗೆ ಹೋಗಿ ಕೇಳಿದರೆ ಚಹಾ ಕೊಟ್ಟು, “ನಾವೇನ್ ಗ್ಯಾಂಗಿನವರೇನ್ರಿ ಬಾಯಾರ?” ಎನ್ನುತ್ತಿದ್ದರು. ಬಿಸಿಲಲ್ಲಿ ಮೈಮುರಿದು ದುಡಿಯುವ ಆ ಹೆಂಗಸರು ನಿಮಗಿಂತ ಏನು ಕಡಿಮೆ ಎಂದು ನಾನು ಜಗಳಾಡಿದೆ. ಜಗಳದಿಂದ ಒಬ್ಬಳೂ ಟ್ರೇಲರ್ ಹತ್ತಲಿಲ್ಲ. ಸಂಕ್ರಾಂತಿ ಹೊತ್ತಿಗೆ ಆ ಉದ್ದನೆಯ ಟ್ರೇಲರಿನಲ್ಲಿ ಉಳಿದವರು ನಾನು, ತಾರವ್ವ. ಅವಳು ಈಗ ನಿಲ್ಲುತ್ತಿರಲಿಲ್ಲ. ಸ್ಟ್ಯಾಂಡು ದಾಟುವತನಕ ತಾಡಪಾಲಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಒಂದು ಮುಂಜಾನೆ ಅವಳೂ ಬರಲಿಲ್ಲ. ಮಧ್ಯಾಹ್ನ ಮಾಳಸಿದ್ದ ಒಬ್ಬನೇ ಕಾಲೇಜಿಗೆ ಬಂದ. ಹಿಂದಿನ ದಿನವಷ್ಟೇ ಪ್ರಯೋಗಶಾಲೆಯ ಪೆಟ್ಟಿಗೆಗಳು ಬಂದಿಳಿದಿದ್ದವು. ಮಗದುಮ ಸರ್ ಮತ್ತು ನಾನು ಹುಲ್ಲು ತೆಗೆದು ಸಾಮಾನು ಜೋಡಿಸುತ್ತಿದ್ದೆವು. ಅವನು ಕೂರಲಿಲ್ಲ.

“ಸಾಹೇಬ್ರ, ನಾ ಕುರಿ ಹಿಂದ ತಿರಗಾಂವ. ಟ್ರೇಲರ ನನಗ ಸಣ್ಣದಲ್ರಿ. ಆದ್ರ ತಾರವ್ವನ್ನ ನೋಡಾಕ ಅಥಣಿ ಕಡಿಂದ ಬೀಗರು ಬಂದಿದ್ರು. ‘ನಿಮ್ಮ ಹುಡುಗಿ ಗ್ಯಾಂಗಿನಾಗ ಹೊಂಟಾಳಂತಲ್ಲ, ಖರೆ ಏನು?’ ಅಂದ್ರು. ಇಲ್ಲ ಅಂತ ದೇವರ ಭಂಡಾರ ಮುಟ್ಟಿ ಹೇಳಿದ್ನಿ. ಇನ್ನ ಕಳಸೂದಿಲ್ಲ ಅಂತನೂ ಹೇಳಿದ್ನಿ.”

“ಪರೀಕ್ಷೆ ಮುಗಿಯೂ ಮಟಾ ತಡೀಯೋ ಮಾಳಸಿದ್ದ. ಕೈ ಮುಗಿತೀನಿ,” ಎಂದರು ಮಗದುಮ ಸರ್.

“ಇವಳ ಹಿಂದ ಇನ್ನಿಬ್ಬರು ಅದಾರ್ರಿ. ಗಾಡಿ ಇದ್ದಾಗ ನಾ ಏನರೆ ಅಂದಿದ್ನೇನ್ರಿ? ನೀವ ಹೇಳ್ರಿ.”

ಮಗದುಮ ಸರ್ ಗಾಜಿನ ಪೆಟ್ಟಿಗೆಯೊಳಗಿದ್ದ ಹೊಸ ತಕ್ಕಡಿಯನ್ನು ಅವನ ಕಡೆಗೆ ತಿರುಗಿಸಿ, “ಇದನ್ನ ನಿನ್ನ ಮಗಳ ಸಂಬಂಧನ ತರಸೀನಿ” ಎಂದರು. ಮಾಳಸಿದ್ದ ಕಂಬಳಿಯ ತುದಿಯಿಂದ ಬೆರಳು ಒರೆಸಿಕೊಂಡು ಗಾಜನ್ನು ಮುಟ್ಟಿದ.

“ಚಲೋ ಐತ್ರಿ,” ಎಂದು ಹೇಳಿ ಹೋದ.

ಸಮಿತಿಯವರು ಬಂದರು. ಕಾಗವಾಡದಿಂದ ತರಿಸಿದ ದ್ರಾಕ್ಷಿ ತಿಂದರು. ಹಳ್ಳಿಯಲ್ಲಿ ಇಂಥ ಪ್ರಯೋಗಶಾಲೆ ನೋಡಿಲ್ಲವೆಂದು ಹೊಗಳಿದರು. ಆಮೇಲೆ ಅವರಲ್ಲಿ ಹಿರಿಯರೊಬ್ಬರು, “ವಿದ್ಯಾರ್ಥಿಗಳನ್ನು ಕರೆಸಿ” ಎಂದರು. ವಿಜ್ಞಾನ ಓದುವ ಅನುಕೂಲವಿದ್ದ ಗಂಡುಹುಡುಗರು ಮೀರಜ, ಸಾಂಗಲಿಗೆ ಹೋಗುತ್ತಿದ್ದರು. ನಮ್ಮ ವಿಭಾಗ ನಿಂತಿದ್ದದ್ದೇ ಹೆಣ್ಣುಮಕ್ಕಳ ಮೇಲೆ. ಹೊಳೆಯುವ ಆ ಮೇಜುಗಳ ಹಿಂದೆ ಬಂದು ನಿಂತವರು ನಾಲ್ವರು ಹುಡುಗರು. ಮಾನ್ಯತೆ ಹೋಯಿತು. ಯಾವುದೂ ನಿಲ್ಲುವುದಿಲ್ಲ ಎಂದು ಮಗದುಮ ಸರ್ ಈಗಲೂ ಹೇಳಬಹುದೆಂದು ನಾನು ಕಾದೆ. ಅವರು ಪ್ರಯೋಗಶಾಲೆಗೆ ಬೀಗ ಹಾಕಿ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟರು.

ಬೇಸಿಗೆಯಲ್ಲಿ ತಾರವ್ವನ ಮದುವೆ. ಲಗ್ನ ಗಂಡಿನ ಊರಿನಲ್ಲಿ. ದಿಬ್ಬಣ ಕಳಿಸಲು ಬರಲೇಬೇಕೆಂದು ಮಾಳಸಿದ್ದ ನಮ್ಮಿಬ್ಬರಿಗೂ ಅಕ್ಷತೆ ಕೊಟ್ಟು ಹೋಗಿದ್ದ. ನಾವು ಹೋದಾಗ ಅವನ ಮನೆಯ ಮುಂದೆ ಭಾವುಸಾಹೇಬರ ಟ್ರ್ಯಾಕ್ಟರ್ ನಿಂತಿತ್ತು. ಅದೇ ಟ್ರೇಲರು. ಅದೇ ನೀಲಿ ತಾಡಪಾಲು. ನಾಲ್ಕು ಮೂಲೆಗೆ ಬಾಳೆಗಿಡ, ಸುತ್ತಲೂ ಮಾವಿನ ತೋರಣ. ಬಡವನ ಮನೆಯ ಶುಭಕಾರ್ಯವೆಂದು ಭಾವುಸಾಹೇಬರು ಬಾಡಿಗೆಯಿಲ್ಲದೆ ಕೊಟ್ಟಿದ್ದರಂತೆ, ಊರೆಲ್ಲ ಅದನ್ನೇ ಕೊಂಡಾಡುತ್ತಿತ್ತು. ಬಾಳಾಸಾಬ ರುಮಾಲು ಸುತ್ತಿಕೊಂಡು ಸ್ಟೇರಿಂಗಿಗೆ ಕೂತಿದ್ದ. ನಮ್ಮನ್ನು ನೋಡಿ ಮುಖ ಆ ಕಡೆ ತಿರುಗಿಸಿದ.

ತಾರವ್ವನನ್ನು ಸೋದರಮಾವ ಎತ್ತಿ ಟ್ರೇಲರಿಗೆ ಹತ್ತಿಸಿದ. ಮೊಣಕೈವರೆಗೆ ಹಸಿರು ಬಳೆ, ಹಣೆಯ ತುಂಬ ಅರಿಶಿನದ ಭಂಡಾರ. ಅವಳ ಸುತ್ತ ಹೆಂಗಸರು ಇಕ್ಕಟ್ಟಾಗಿ ಕೂತರು. ಅವರಲ್ಲಿ ಅಂಗಡಿಕಾರರ ಮಗಳೂ ಇದ್ದಳು, ಪಾಟೀಲರ ಮನೆಯವರೂ ಇದ್ದರು. ತಾರವ್ವ ನಮ್ಮನ್ನು ಕಂಡು ಅಂಚಿಗೆ ಬಾಗಿದಳು.

“ಬಾಯಾರ, ಹೊಸಾ ತಕ್ಕಡಿ ಬಂತಂತಲ್ರಿ? ಅಪ್ಪ ಹೇಳ್ದ.”

“ಬಂತವ್ವ.”

“ಮುಳ್ಳು ಸಿಕ್ಕೊಳ್ಳೂದಿಲ್ಲಲ್ರಿ?”

“ಇಲ್ಲವ್ವ.”

ಹಲಗಿ ಬಾರಿಸುವ ಸದ್ದು ಎದ್ದಿತು, ಟ್ರ್ಯಾಕ್ಟರ್ ಹೊರಟಿತು. ನಾವಿಬ್ಬರೂ ಸ್ಟ್ಯಾಂಡಿನ ತನಕ ಹಿಂದೆ ನಡೆದೆವು. ಚಹಾದಂಗಡಿಯ ಬೆಂಚಿನವರೆಲ್ಲ ಎದ್ದು, ಸೈಕಲ್ಲು ಸರಿಸಿ, ದಾರಿ ಬಿಟ್ಟು ನಿಂತು ಅಕ್ಷತೆ ಎಸೆದರು. ಯಾವ ಫಡಕ್ಕೆ ಎಂದು ಒಬ್ಬನೂ ಕೇಳಲಿಲ್ಲ.